ನಲವತ್ತಕ್ಕೆ ನಿಂತ ಅಕ್ಕನ ಕಾರು

ಕಿವಿ ಮೇಸ್ತ್ರಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಯಾವ ಕಾರು ಗ್ಯಾರೇಜಿಗೆ ಬರಲಿ, ಅವನು ಮೊದಲು ಬಾನೆಟ್ ಎತ್ತಿ, ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಯನ್ನು ಬಲಗಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದ. ಆ ಹೊತ್ತಿನಲ್ಲಿ ಅಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಆಮೇಲೆ ಕಣ್ಣು ತೆರೆದು "ಬೇರಿಂಗು" ಎಂದೋ "ಚೈನು ಸಡಿಲ" ಎಂದೋ ತೀರ್ಪು ಕೊಡುತ್ತಿದ್ದ. ಹೆಚ್ಚಿನ ಸಲ ಅದು ಸರಿಯಾಗಿಯೇ ಇರುತ್ತಿತ್ತು. ತಪ್ಪಿದ ಸಲಗಳನ್ನು ಅವನು ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಆ ಕೆಲಸಕ್ಕೆ ಹೆಂಡತಿ ಇದ್ದಳು.

ಈ ಚಟ ಗ್ಯಾರೇಜಿನೊಳಗೇ ಇದ್ದಿದ್ದರೆ ಯಾರದೂ ತಕರಾರಿರಲಿಲ್ಲ. ಮನೆಯ ಫ್ರಿಜ್ಜು, ಮಿಕ್ಸಿ, ನೀರಿನ ಮೋಟರು, ಯಾವುದನ್ನೂ ಅವನು ಬಿಟ್ಟವನಲ್ಲ. ಒಮ್ಮೆ ಮಧ್ಯಾಹ್ನ ಊಟ ಮುಗಿಸಿ ಗೊರಕೆ ಹೊಡೆಯುತ್ತಿದ್ದ ಮಾವನ ಎದೆಗೇ ಸ್ಕ್ರೂಡ್ರೈವರ್ ಊರಿದ್ದ. ಮಾವ ಕಣ್ಣು ಬಿಟ್ಟು ನೋಡುತ್ತಾರೆ, ಮಗಳ ಗಂಡ ತಮ್ಮ ಎದೆಗೆ ಮೊಳದುದ್ದದ ಆಯುಧ ಒತ್ತಿಕೊಂಡು ಧ್ಯಾನದಲ್ಲಿದ್ದಾನೆ! "ಹೆದರಬೇಡಿ ಮಾವ, ಇಂಜಿನ್ ಗಟ್ಟಿ ಇದೆ, ಸೈಲೆನ್ಸರ್ ಒಂದು ಹೋಗಿದೆ" ಎಂದು ಇವನು ಸಮಾಧಾನ ಹೇಳಿದನಂತೆ. ಅಂದಿನಿಂದ ಮಾವ ಮಗಳ ಮನೆಗೆ ಬಂದರೆ ಕೋಣೆಯ ಚಿಲಕ ಹಾಕಿಕೊಂಡೇ ಮಲಗುವುದು.

ಗ್ಯಾರೇಜಿಗೂ ಹೆಂಡತಿಯ ಬ್ಯೂಟಿ ಪಾರ್ಲರಿಗೂ ನಡುವೆ ಒಂದೇ ಗೋಡೆ, ಗೋಡೆಯಲ್ಲೊಂದು ಬಾಗಿಲು. ಈ ಕಡೆ ಗ್ರೀಸು, ಆ ಕಡೆ ಶಾಂಪೂ. ಬಾಗಿಲು ತೆರೆದಾಗಲೆಲ್ಲ ಎರಡೂ ವಾಸನೆ ಜಗಳಕ್ಕೆ ಬೀಳುತ್ತಿದ್ದವು. "ನಿಮ್ಮ ಗಿರಾಕಿಗಳೇ ವಾಸಿ ಕಣ್ರೀ, ಕನ್ನಡಿ ನೋಡ್ಕೊಂಡು ನಿಮ್ಮನ್ನ ಬೈಯಲ್ಲ" ಎಂದು ಅವಳು ಆಗಾಗ ಹೊಟ್ಟೆಕಿಚ್ಚು ಪಡುತ್ತಿದ್ದಳು.

ಇಂಥ ಮೇಸ್ತ್ರಿಗೆ ಜಗತ್ತಿನಲ್ಲಿ ಒಬ್ಬರ ಭಯ ಇತ್ತು. ಅದು ಅಕ್ಕ. ತಾಯಿ ಹೋದ ಮೇಲೆ ಅವನ ಮೂಗು ಒರೆಸಿ, ಪಾಠ ಒಪ್ಪಿಸಿಕೊಂಡು, ಸುಳ್ಳು ಹೇಳಿದಾಗಲೆಲ್ಲ ಕಿವಿ ಹಿಂಡಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. "ಇವನ ಕಿವಿ ಇಷ್ಟು ಚುರುಕಾಗಿದ್ದು ಹೇಗೆ ಅಂದ್ಕೊಂಡ್ರಿ? ನಾನು ಹಿಂಡಿ ಹಿಂಡಿ ಹದ ಮಾಡಿದ್ದು" ಎಂದು ಸಿಕ್ಕಿದವರಿಗೆಲ್ಲ ಹೇಳಿಕೊಳ್ಳುತ್ತಿದ್ದಳು. ಶಾಲೆಯಲ್ಲಿ ಆಟದ ಟೀಚರಾಗಿದ್ದಳು. ಓಟದಲ್ಲಿ ಗೆದ್ದ ಕಪ್ಪುಗಳು ಅವಳ ಮನೆಯ ಶೋಕೇಸಿನಲ್ಲಿ ಜಾಗ ಸಾಲದೆ ಒಂದರ ಮೇಲೊಂದು ಕೂತಿದ್ದವು. ನಿವೃತ್ತಿಯಾದ ಮೇಲೆ ಓಟ ನಿಂತಿತು ಎಂದುಕೊಂಡವರು ಅವಳು ಕಾರು ಓಡಿಸುವುದನ್ನು ನೋಡಿರಲಿಲ್ಲ.

ನೋಡಿದವರು ರಸ್ತೆ ಬಿಟ್ಟು ಅಂಗಡಿ ಹತ್ತಿದ್ದರು. ಅಕ್ಕನ ಕಾರು ಬೀದಿಗೆ ಬಂತೆಂದರೆ ನಾಯಿಗಳು ಕೂಡ ಅಟ್ಟಿಸಿಕೊಂಡು ಹೋಗುವ ಯೋಚನೆ ಮಾಡುತ್ತಿರಲಿಲ್ಲ, ಗೌರವದಿಂದ ಬದಿಗೆ ಸರಿಯುತ್ತಿದ್ದವು. ಪಾಪ ಭಾವ, ಅಂದರೆ ಅಕ್ಕನ ಗಂಡ, ಅಂಗಡಿಗಳ ಬೋರ್ಡು ಬರೆಯುತ್ತಿದ್ದ ಮೆತ್ತಗಿನ ಮನುಷ್ಯ. ಪಕ್ಕದ ಸೀಟಿನಲ್ಲಿ ಕೂತು, ಬಾಗಿಲ ಮೇಲಿನ ಹಿಡಿಗೆ ಎರಡೂ ಕೈ ಹಾಕಿ, ಕಣ್ಣು ಮುಚ್ಚಿಕೊಂಡರೆ ಮುಗಿಯಿತು, ಕಾರು ನಿಂತ ಮೇಲೇ ಬಿಡುವುದು. ಆ ಹಿಡಿ ಕಿತ್ತು ಬಂದಾಗಲೆಲ್ಲ ಹೊಸದು ಹಾಕಿಕೊಡುವುದು ಮೇಸ್ತ್ರಿಯ ಕೆಲಸ. ಬೇರೆ ಯಾವ ಕಾರಿಗೂ ಅವನು ಆ ಭಾಗವನ್ನು ಬದಲಾಯಿಸಿದ್ದಿಲ್ಲ.

ಅಂಥ ಕಾರಿಗೆ ಒಂದು ವಿಚಿತ್ರ ಕಾಯಿಲೆ ಅಂಟಿತು. ಮನೆಯಿಂದ ಹೊರಡುವಾಗ ಚೆನ್ನಾಗಿಯೇ ಇರುತ್ತದೆ. ಬಿಸಿ ಏರುತ್ತಿದ್ದಂತೆ ನಡುರಸ್ತೆಯಲ್ಲಿ ಗಪ್ಪೆಂದು ನಿಂತುಬಿಡುತ್ತದೆ. ಅಕ್ಕ ಇಳಿದು, ಬೈದು, ಒಂದು ಟೀ ಕುಡಿದು ಬರುವಷ್ಟರಲ್ಲಿ ಏನೂ ಆಗಿಯೇ ಇಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ.

ಮೇಸ್ತ್ರಿ ಕಿವಿ ಕೊಟ್ಟ. ಇಂಜಿನ್ ಹಾಲು ಕುಡಿದ ಮಗುವಿನ ಹಾಗಿತ್ತು. ಆದರೂ ಪ್ಲಗ್ ಬದಲಾಯಿಸಿದ, ಕಾಯಿಲ್ ಬದಲಾಯಿಸಿದ, ಫ್ಯೂಯೆಲ್ ಪಂಪ್ ಬದಲಾಯಿಸಿದ, ಒಂದೆರಡು ಸೆನ್ಸರನ್ನೂ ಬದಲಾಯಿಸಿದ. ಪ್ರತಿ ಸಲವೂ "ಈಗ ಸರಿಹೋಯ್ತು ಅಕ್ಕ" ಎಂದು ಕೀ ಕೊಟ್ಟ. ಪ್ರತಿ ಸಲವೂ ಅಕ್ಕ ನಡುರಸ್ತೆಯಿಂದ ಫೋನ್ ಮಾಡಿದಳು. ಕೊನೆಗೆ ಅವಮಾನ ನುಂಗಿಕೊಂಡು, ಕಪಾಟಿನಲ್ಲಿ ಹಳೇ ಬಟ್ಟೆಯಡಿ ಮುಚ್ಚಿಟ್ಟಿದ್ದ ಸ್ಕ್ಯಾನರನ್ನು ಹೊರಗೆ ತೆಗೆದ. ಕಿವಿ ಇರುವವನಿಗೆ ಸ್ಕ್ಯಾನರ್ ಯಾಕೆ ಎಂದು ಜನ ಕೇಳಿಯಾರು ಎಂಬ ಭಯ ಅವನಿಗೆ. ಸ್ಕ್ಯಾನರೋ, ಒಂದು ಸಲ ಒಂದು ದೋಷ ತೋರಿಸಿತು, ಇನ್ನೊಂದು ಸಲ ಇನ್ನೊಂದು. ಕಾರು ನಿಂತ ಹೊತ್ತಿನಲ್ಲಂತೂ ಇಸಿಎಂ ಜೊತೆ ಮಾತೇ ಆಗುತ್ತಿಲ್ಲ ಎಂದು ಕೈಚೆಲ್ಲಿತು.

ಇಸಿಎಂ ಎಂದರೆ ಇಂಜಿನ್ನಿಗೆ ಎಷ್ಟು ಪೆಟ್ರೋಲು, ಯಾವಾಗ ಕಿಡಿ ಎಂದು ಅಪ್ಪಣೆ ಕೊಡುತ್ತಾ ಬ್ಯಾಟರಿಯ ಪಕ್ಕದಲ್ಲಿ ಕೂತಿರುವ ಒಂದು ಅಲ್ಯೂಮಿನಿಯಂ ಡಬ್ಬಿ. ಮೇಸ್ತ್ರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ತಿರುಗದು, ಗುಡುಗದು, ಕಿಚಗುಟ್ಟದು. ಸದ್ದೇ ಮಾಡದ್ದನ್ನು ನಂಬುವುದಾದರೂ ಹೇಗೆ? ಆದರೂ ಬಿಡದೆ ಅದಕ್ಕೂ ಸ್ಕ್ರೂಡ್ರೈವರ್ ಊರಿ ಕಣ್ಣು ಮುಚ್ಚಿದ. ಡಬ್ಬಿ ಗಪ್‌ಚಿಪ್.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ, "ಬಿಸಿಯಾದ್ರೆ ತಾನೇ ಅದು ನಿಲ್ಲೋದು? ಒಂದೊಂದನ್ನೇ ಬಿಸಿ ಮಾಡಿ ನೋಡಿ. ಯಾರು ಬಿಸಿಯಾದಾಗ ನಿಲ್ಲತ್ತೋ ಅವರೇ ಕಳ್ಳರು" ಎಂದಳು.

"ನಿನ್ನ ಪಾರ್ಲರ್ ನೋಡ್ಕೋ ಹೋಗು" ಎಂದ ಮೇಸ್ತ್ರಿ. ಹಿತ್ತಲ ಗಿಡ ಮದ್ದಲ್ಲ ತಾನೆ. ಆದರೆ ಗಡ್ಡ ಕೆರೆದುಕೊಂಡು ಯೋಚಿಸುತ್ತಾ ಹೋದಂತೆ ಗಿಡದಲ್ಲಿ ಮದ್ದು ಇರುವ ಹಾಗೆಯೇ ಕಂಡಿತು. ಸ್ವಲ್ಪ ಹೊತ್ತಿನಲ್ಲಿ ಪಾರ್ಲರಿಗೆ ನುಗ್ಗಿ, ಗಿರಾಕಿಯೊಬ್ಬರ ತಲೆ ಒಣಗಿಸುತ್ತಿದ್ದ ಹೆಂಡತಿಯ ಕೈಯಿಂದ ಹೇರ್ ಡ್ರೈಯರ್ ಕಿತ್ತುಕೊಂಡು ಬಂದ.

ಡ್ರೈಯರಿನ ಹಿಂದೆ ಹೆಂಡತಿ ಬಂದಳು. ಅವಳ ಹಿಂದೆ ಆ ಗಿರಾಕಿ, "ನನ್ನ ತಲೆ ಅರ್ಧ ಒದ್ದೆ ಇದೆ ರೀ!" ಎನ್ನುತ್ತಾ ಬಂದರು. ಅವರ ಹಿಂದೆ ಟವೆಲ್ ಸುತ್ತಿಕೊಂಡ ಇಬ್ಬರು, ಎಲ್ಲರಿಗಿಂತ ಹಿಂದೆ ಮುಖಕ್ಕೆಲ್ಲ ಬಿಳಿ ಪ್ಯಾಕ್ ಬಳಿದುಕೊಂಡಿದ್ದ ಬ್ಯಾಂಕ್ ಮೇಡಂ. ಅವರಿಗೆ ಮಾತಾಡಬಾರದು, ನಗಬಾರದು, ಪ್ಯಾಕ್ ಬಿರಿಯುತ್ತದೆ ಎಂದು ಕಟ್ಟಪ್ಪಣೆಯಾಗಿತ್ತು.

ಮೇಸ್ತ್ರಿ ತಣ್ಣಗಿದ್ದ ಇಂಜಿನ್ ಸ್ಟಾರ್ಟ್ ಮಾಡಿ, ಕಾಯಿಲ್ ಮೇಲೆ ಬಿಸಿಗಾಳಿ ಬಿಟ್ಟ. ಏನೂ ಆಗಲಿಲ್ಲ. ಸೆನ್ಸರಿನ ಮೇಲೆ ಬಿಟ್ಟ. ಏನೂ ಆಗಲಿಲ್ಲ. "ಇಂಜಿನ್ನಿನ ತಲೆ ಒಣಗಿದ್ರೆ ನನ್ನದಕ್ಕೆ ಕೊಡ್ತೀರಾ?" ಎಂದರು ಅರ್ಧ ಒದ್ದೆಯವರು. ಆಗ ಅವನು ಡ್ರೈಯರನ್ನು ಆ ಡಬ್ಬಿಯ ಕಡೆ ತಿರುಗಿಸಿದ. ತುಸು ಹೊತ್ತು. ಇಂಜಿನ್ ಒಮ್ಮೆ ತಡವರಿಸಿತು, ಇನ್ನೊಮ್ಮೆ ಬಿಕ್ಕಿತು, ನಿಂತೇಹೋಯಿತು.

"ಐಸ್! ಐಸ್ ತಾ!" ಎಂದು ಕೂಗಿದ. ಹೆಂಡತಿ ಗಿರಾಕಿಗಳ ಕಣ್ಣಿನ ಕೆಳಗೆ ಒತ್ತುವ ಐಸ್ ಚೀಲ ತಂದು ಡಬ್ಬಿಯ ಮೇಲಿಟ್ಟಳು. ಅದು ತಣ್ಣಗಾದ ಮೇಲೆ ಕೀ ತಿರುಗಿಸಿದರೆ ಇಂಜಿನ್ ಗುರ್ರೆಂದಿತು. ಮತ್ತೆ ಡ್ರೈಯರ್, ಮತ್ತೆ ಗಪ್. ಮತ್ತೆ ಐಸ್, ಮತ್ತೆ ಗುರ್ರ್. ಟವೆಲ್ಲಿನವರು ಚಪ್ಪಾಳೆ ತಟ್ಟಿದರು. ಬ್ಯಾಂಕ್ ಮೇಡಂ ತಡೆಯಲಾರದೆ ಕಿಸಕ್ಕನೆ ನಕ್ಕೇಬಿಟ್ಟರು. ಮುಖದ ತುಂಬ ಬಿರುಕು.

ಡಬ್ಬಿ ಬಿಚ್ಚಿ ಭೂತಗನ್ನಡಿ ಹಿಡಿದಾಗ ಅದರೊಳಗೂ ಅಂಥದೇ ಬಿರುಕು ಕಂಡಿತು, ಒಂದು ಬೆಸುಗೆಯ ಮೇಲೆ, ಕೂದಲೆಳೆಯಷ್ಟು. ಬಿಸಿಯಾದಾಗ ಬಾಯಿ ಬಿಡುತ್ತದೆ, ತಣ್ಣಗಾದಾಗ ಮುಚ್ಚಿಕೊಳ್ಳುತ್ತದೆ. ಮೇಸ್ತ್ರಿ ಮತ್ತೆ ಬೆಸುಗೆ ಹಾಕಿ ನೋಡಿದ. ಒಂದು ದಿನ ನಡೆದು ಅದು ಇನ್ನೊಂದು ಕಡೆ ಬಿಟ್ಟುಕೊಂಡಿತು. ಆ ಮಾದರಿಯ ಹೊಸ ಡಬ್ಬಿ ತಯಾರಾಗುವುದೇ ನಿಂತಿತ್ತು. ಗುಜರಿಯವನ ಹತ್ತಿರ ಹುಡುಕಾಡಿ, ಅದೇ ನಂಬರಿನ ಚೀಟಿ ಅಂಟಿಸಿದ ಹಳೇ ಡಬ್ಬಿಯೊಂದನ್ನು ತಂದು ಕೂರಿಸಿದ. ಹಳೇ ಡಬ್ಬಿಗೆ ಈ ಕಾರಿನ ಕೀ ಗುರುತು ಹತ್ತಬೇಕಲ್ಲ, ಅದಕ್ಕೆ ಕೀ ರಿಪೇರಿಯವನು ಲ್ಯಾಪ್‌ಟಾಪ್ ಹಿಡಿದು ಬಂದು ಇಬ್ಬರಿಗೂ ಪರಿಚಯ ಮಾಡಿಸಿದ. ಡ್ರೈಯರಿಗೂ ಹೆದರದೆ ಇಂಜಿನ್ ಓಡಿತು. ಮೇಸ್ತ್ರಿ ಗ್ಯಾರೇಜಿನೊಳಗೇ ಹಿಂದೆ ಮುಂದೆ ಮಾಡಿ ನೋಡಿ, ಅಕ್ಕನನ್ನು ಕರೆಸಿದ.

"ಮೊದಲಿನ ಹಾಗೆ ಆಯ್ತೇನೋ?" ಎಂದಳು ಅಕ್ಕ.

"ಮೊದಲಿಗಿಂತ ಚೆನ್ನಾಗಿದೆ. ನನ್ನ ಕಿವಿ ಆಣೆ!"

ಮಾರನೆಯ ದಿನ ಭಾವ ಒಬ್ಬರೇ ನಡೆದುಕೊಂಡು ಗ್ಯಾರೇಜಿಗೆ ಬಂದರು. ಮುಖ ಊರಗಲ ಅರಳಿತ್ತು. ಬಂದವರೇ ಮೇಸ್ತ್ರಿಯ ಗ್ರೀಸ್ ಮೆತ್ತಿದ ಕೈ ಹಿಡಿದುಕೊಂಡರು.

"ಏನಪ್ಪಾ ಮಾಡ್ದೆ ಆ ಕಾರಿಗೆ? ಸ್ಪೀಡು ನಲವತ್ತರ ಮೇಲಕ್ಕೇ ಏರಲ್ಲ! ಮದುವೆಯಾದ ಮೇಲೆ ಮೊದಲ್ನೇ ಸಲ ಕಣ್ಣು ಬಿಟ್ಕೊಂಡು ಕೂತಿದ್ದೆ ಕಣಪ್ಪಾ. ದೊಡ್ಡ ರಸ್ತೇಲಿ ಛತ್ರಿ ಅಂಗಡಿ ಇತ್ತಲ್ಲ, ಅದರ ಮೇಲೆ ನಾನು ಬರೆದ ಬೋರ್ಡು ಇನ್ನೂ ಇದೆ! ನೀಲಿ ಛತ್ರಿ. ಬಣ್ಣ ಕೂಡ ಹೋಗಿಲ್ಲ."

ಮೇಸ್ತ್ರಿ ಕೈ ಬಿಡಿಸಿಕೊಂಡ. ಗುಜರಿಯವನಿಗೆ ಫೋನ್ ಹಚ್ಚಿದ. "ಆ ಡಬ್ಬೀನಾ? ಡ್ರೈವಿಂಗ್ ಸ್ಕೂಲ್ ಕಾರಿಂದು. ಕಲಿಯೋರು ಜೋರಾಗಿ ಹೋಗ್ಬಾರ್ದು ಅಂತ ನಲವತ್ತಕ್ಕೆ ಕಟ್ಟಿಸಿದ್ರು" ಎಂದ ಅವನು ಆರಾಮಾಗಿ. ಕೀ ರಿಪೇರಿಯವನನ್ನು ಕೇಳಿದರೆ, "ಲ್ಯಾಪ್‌ಟಾಪ್ ಹಚ್ಚಿದ್ರೆ ಆ ಮಿತಿ ತೆಗೀಬಹುದು, ಟೀ ಕುಡಿಯೋಷ್ಟರಲ್ಲಿ ಆಗತ್ತೆ. ಬರಲಾ?" ಎಂದ.

"ಬೇಡ ಅನ್ನು" ಎಂದರು ಭಾವ. ಅವರು ತಮ್ಮ ಜೀವಮಾನದಲ್ಲಿ ಅಷ್ಟು ಗಟ್ಟಿ ದನಿಯಲ್ಲಿ ಏನನ್ನೂ ಹೇಳಿರಲಿಲ್ಲ.

"ಅತ್ತಿಗೆ ನಿಧಾನಕ್ಕೆ ಹೋದ್ರೆ ಊರಿಗೇ ಒಳ್ಳೇದು. ಸುಮ್ನಿರ್ರೀ" ಎಂದಳು ಬಾಗಿಲಲ್ಲಿದ್ದ ಹೆಂಡತಿ.

ಅಷ್ಟರಲ್ಲಿ ಕಾರು ಬಂದು ನಿಂತಿತು. ಅಕ್ಕ ಇಳಿದಳು. "ಲೋ, ಇದು ಏಳ್ತಾನೇ ಇಲ್ಲ ಕಣೋ. ಎಷ್ಟು ತುಳಿದ್ರೂ ಅಷ್ಟೇ. ಕಿವಿ ಇಟ್ಟು ನೋಡು."

ಅತ್ತ ದರಿ, ಇತ್ತ ಪುಲಿ. ಮೇಸ್ತ್ರಿ ಸ್ಕ್ರೂಡ್ರೈವರ್ ಊರಿ ಕಣ್ಣು ಮುಚ್ಚಿದ. ಮುಚ್ಚುವ ಮುನ್ನ ಅಕ್ಕನ ಬೆನ್ನ ಹಿಂದೆ ಭಾವ ಎರಡೂ ಕೈ ಜೋಡಿಸಿ ನಿಂತಿದ್ದು ಕಾಣಿಸಿತ್ತು. ಕೊನೆಗೆ ಕಣ್ಣು ತೆರೆದು ಹೇಳಿದ: "ಕಾರಲ್ಲಿ ಏನೂ ದೋಷ ಇಲ್ಲ ಅಕ್ಕ."

ಅಕ್ಕ ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ಬೈಯಲಿಲ್ಲ. ತಮ್ಮನ ಕಿವಿಯನ್ನೊಮ್ಮೆ, ತನ್ನ ಬಲಗಾಲನ್ನೊಮ್ಮೆ ನೋಡಿಕೊಂಡು, "ನಿನ್ನ ಕಿವಿ ಹೇಳಿದ ಮೇಲೆ ಮುಗೀತು" ಎಂದು ಕಾರು ಹತ್ತಿ ಹೋದಳು. ಮೇಸ್ತ್ರಿ ಬದುಕಿದೆಯಾ ಬಡಜೀವವೇ ಎಂದು ಉಸಿರು ಬಿಟ್ಟ. ಕಾಲು ನೋಡಿಕೊಂಡಿದ್ದು ಯಾಕೆಂದು ಆ ಪ್ರಚಂಡನಿಗೆ ಹೊಳೆಯಲೇ ಇಲ್ಲ.

ಕಾರಿನಲ್ಲಿ ದೋಷವಿಲ್ಲ ಎಂದ ಮೇಲೆ ದೋಷ ಕಾಲಿನದು. ಅಕ್ಕನ ಲೆಕ್ಕ ಅಷ್ಟು ನೇರ. ಮೊದಲು ಅವಳು ಭಾವನ ದಪ್ಪ ಬೂಟು ಹಾಕಿಕೊಂಡು ಓಡಿಸಿ ನೋಡಿದಳು, ತೂಕಕ್ಕಾದರೂ ಪೆಡಲ್ ಇಳಿದೀತು ಎಂದು. ನಲವತ್ತು. ಮಂಡಿಗೆ ಎಣ್ಣೆ ತಿಕ್ಕಿಸಿಕೊಂಡಳು. ನಲವತ್ತು. ಮನೆಯ ಹಿಂದೆ ಹಳೇ ಪೆಡಲ್ಲೊಂದನ್ನು ಗೋಡೆಗೆ ಆನಿಸಿಟ್ಟುಕೊಂಡು, ಬಾಯಲ್ಲಿ ಸೀಟಿ ಊದುತ್ತಾ ತನ್ನ ಕಾಲಿಗೆ ತಾನೇ ಡ್ರಿಲ್ ಮಾಡಿಸಿದಳು. ನಲವತ್ತು. ಡಾಕ್ಟರು ಕಾಲಲ್ಲಿ ಏನೂ ಇಲ್ಲ ಎಂದರೆ, "ಅವರಿಗೇನು ಗೊತ್ತು, ನನ್ನ ತಮ್ಮನ ಕಿವಿ ಬೇರೆ ಹೇಳತ್ತೆ" ಎಂದು ಎದ್ದು ಬಂದಳು. ಭಾವ ಇದನ್ನೆಲ್ಲ ಬಂದು ವರದಿ ಒಪ್ಪಿಸುತ್ತಿದ್ದರು. ಮೇಸ್ತ್ರಿಯೂ ಹೆಂಡತಿಯೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಭಾವನೂ ಮೊದಮೊದಲು ನಕ್ಕರು.

ಒಂದು ಬೆಳಿಗ್ಗೆ ಭಾವ ಬಂದವರು ನಗಲಿಲ್ಲ. ಕಾರಿನ ಕೀಯನ್ನು ಮೇಜಿನ ಮೇಲಿಟ್ಟರು.

"ಮಾರಿಬಿಡು ಅಂದ್ಳು. ಕಾಲು ಮಾತು ಕೇಳದೆ ಇರೋಳು ಸ್ಟೀರಿಂಗ್ ಮುಟ್ಟಬಾರ್ದಂತೆ." ಕೀಯನ್ನು ಇನ್ನಷ್ಟು ಮುಂದಕ್ಕೆ ತಳ್ಳಿದರು. "ನಿನ್ನೆ ಮೆಟ್ಟಿಲು ಹತ್ತೋವಾಗ ಕಂಬಿ ಹಿಡ್ಕೊಂಡ್ಳು ಕಣಪ್ಪಾ. ಹಿಡ್ಕೊಂಡು ಹಿಡ್ಕೊಂಡು ಹತ್ತಿದ್ಳು. ಹಿಡ್ಕೊಳ್ಳೋದು ನನ್ನ ಕೆಲಸ, ಅವಳದ್ದಲ್ಲ. ನಂಗೆ ನೋಡಕ್ಕಾಗ್ಲಿಲ್ಲ. ತೆಗೆದುಬಿಡು ಆ ನಲವತ್ತನ್ನ."

ಮೇಸ್ತ್ರಿಗೆ ಈಗ ಹೊಳೆಯಿತು. ಹೊಳೆದ ಕೂಡಲೇ ನಾಚಿಕೆಯಿಂದ ಮೈ ಕುಗ್ಗಿತು. ಬೇರೆಯವರ ಮಾತನ್ನು ಅಕ್ಕ ಸೋಸಿ ನಂಬುತ್ತಿದ್ದಳು; ಅವನ ಕಿವಿಯನ್ನು ಮಾತ್ರ ಹಾಗೇ ನುಂಗುತ್ತಿದ್ದಳು. ಅಂಥ ಕಿವಿಯಿಂದ ಅವನು ಅವಳ ಕಾಲು ಮುರಿದಿದ್ದ.

ಕೀ ರಿಪೇರಿಯವನು ಬಂದು, ಅಕ್ಕನ ಮನೆಯ ಮುಂದೆಯೇ ಲ್ಯಾಪ್‌ಟಾಪ್ ಹಚ್ಚಿ, ಟೀ ಆರುವಷ್ಟರಲ್ಲಿ ಮಿತಿ ತೆಗೆದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಮೇಸ್ತ್ರಿ, "ಅಕ್ಕ, ಸ್ವಲ್ಪ ಟ್ಯೂನ್ ಮಾಡಿದೀನಿ, ಓಡಿಸಿ ನೋಡು ಬಾ" ಎಂದು ಕರೆದ. ಅಕ್ಕ ಕುರ್ಚಿ ಬಿಟ್ಟು ಏಳಲಿಲ್ಲ. "ಕಾರಿಗೆ ಏನಾಗಿದೆ ಟ್ಯೂನ್ ಮಾಡಕ್ಕೆ? ಕಾಲಿಲ್ಲದೋಳಿಗೆ ಕಾರು ಯಾಕೆ? ಹೋಗು" ಎಂದಳು. ಆ ದನಿ ಕೇಳಲು ಸ್ಕ್ರೂಡ್ರೈವರ್ ಬೇಕಾಗಿರಲಿಲ್ಲ. ಮೇಸ್ತ್ರಿ ಅವಳ ಕುರ್ಚಿಯ ಮುಂದೆ ಕುಕ್ಕರಿಸಿದ.

"ನಿನ್ನ ಕಾಲು ಸರಿಯಾಗಿದೆ ಅಕ್ಕ. ಡಬ್ಬೀನೇ ನಲವತ್ತರದ್ದು. ಡ್ರೈವಿಂಗ್ ಸ್ಕೂಲಿಂದು. ನಂಗೆ ಆವತ್ತೇ ಗೊತ್ತಿತ್ತು. ಗೊತ್ತಿದ್ದೇ ಕಿವಿ ಇಟ್ಟು ಸುಳ್ಳು ಹೇಳ್ದೆ."

"ಅವನದ್ದೇನೂ ತಪ್ಪಿಲ್ಲ ಕಣೇ" ಎಂದರು ಭಾವ ಅಡ್ಡ ಬಂದು. "ಹೇಳಬೇಡ ಅಂದೋನು ನಾನು. ದೊಡ್ಡ ರಸ್ತೇಲಿ ನನ್ನ ಛತ್ರಿ ಬೋರ್ಡು ಕಾಣಿಸ್ತಿತ್ತು, ಅದಕ್ಕೆ."

ಅಕ್ಕ ಇಬ್ಬರನ್ನೂ ನೋಡಿದಳು. ಎದ್ದು, ಮೆಟ್ಟಿಲ ಹತ್ತಿರ ಹೋಗಿ, ಕಂಬಿ ಮುಟ್ಟದೆ ದಡದಡ ಮೇಲಕ್ಕೆ ಹತ್ತಿದಳು. ದಡದಡ ಕೆಳಗಿಳಿದಳು. ಸಾಲದೆಂಬಂತೆ ಇನ್ನೊಮ್ಮೆ ಎರಡೆರಡು ಮೆಟ್ಟಿಲು ಹಾರಿ ಹತ್ತಿ ಇಳಿದು, ಏದುಸಿರು ಬಿಡುತ್ತಾ ಬಂದು ತಮ್ಮನ ಬಲಗಿವಿ ಹಿಡಿದಳು. ಆ ತಿರುವಿಗೆ ಬೋಲ್ಟ್ ಆಗಿದ್ದರೆ ತುಂಡಾಗುತ್ತಿತ್ತು.

"ಇದು ನಾನು ಹದ ಮಾಡಿದ ಕಿವಿ. ಇದ್ರಿಂದ ಸುಳ್ಳು ಹೇಳ್ತೀಯಾ? ಬಾಯಿಂದ ಬೇಕಾದ್ರೆ ಹೇಳ್ಕೋ, ಕತ್ತೆ! ಕಿವಿಯಿಂದ ಹೇಳ್ಬೇಡ!"

"ಇಲ್ಲ ಅಕ್ಕ, ಇಲ್ಲ ಅಕ್ಕ" ಎಂದ ಮೇಸ್ತ್ರಿಯ ಕಣ್ಣಲ್ಲಿ ನೀರು. ನೋವಿಗೆ ಬಂದದ್ದು ಎಂದು ಆಮೇಲೆ ಹೆಂಡತಿಗೆ ಹೇಳಿದ. ಅವಳು ನಂಬಲಿಲ್ಲ.

"ಹತ್ತಿ ಕಾರು, ಇಬ್ರೂ" ಎಂದಳು ಅಕ್ಕ, ಬಾಗಿಲಲ್ಲಿ ಬಿದ್ದಿದ್ದ ಭಾವನ ಬೂಟನ್ನು ಮೂಲೆಗೆ ಒದ್ದು ತನ್ನ ಚಪ್ಪಲಿ ಮೆಟ್ಟಿಕೊಳ್ಳುತ್ತಾ.

ಭಾವ ಮುಂದಿನ ಸೀಟಿನಲ್ಲಿ ಕೂತು, ಹಿಡಿಗೆ ಎರಡೂ ಕೈ ಹಾಕಿ, ಕಣ್ಣು ಮುಚ್ಚಿದರು. ಹಿಂದಿನ ಸೀಟಿನಲ್ಲಿದ್ದ ಮೇಸ್ತ್ರಿಗೆ ಹಿಡಿದುಕೊಳ್ಳಲು ಭಾವನ ಹೆಗಲೇ ಸಿಕ್ಕಿದ್ದು. ಕಾರು ನಲವತ್ತನ್ನು ದಾಟಿತು. ಅದರ ಮೇಲಿನ ಅಂಕಿಗಳನ್ನು ಮೇಸ್ತ್ರಿ ನೋಡಲಿಲ್ಲ, ಅವನೂ ಕಣ್ಣು ಮುಚ್ಚಿದ್ದ. ನಾಯಿಗಳು ಬದಿಗೆ ಸರಿದವು. ತರಕಾರಿ ಗಾಡಿಯವನು ಗಾಡಿ ಸಮೇತ ಅಂಗಡಿಯೊಂದಕ್ಕೆ ನುಗ್ಗಿದ. "ಅಯ್ಯೋ ನಿಧಾನ ಕಣೇ!" ಎಂದು ಕಿರುಚುತ್ತಿದ್ದ ಭಾವನ ಹೆಗಲು ಮೇಸ್ತ್ರಿಯ ಕೈಯಡಿ ಕುಲುಕುತ್ತಿತ್ತು. ಹೆದರಿಕೆಗಲ್ಲ, ಮನುಷ್ಯ ನಗುತ್ತಿದ್ದ.

ದೊಡ್ಡ ರಸ್ತೆಯ ತಿರುವು ದಾಟಿದ ಮೇಲೆ ಇದ್ದಕ್ಕಿದ್ದಂತೆ ಬ್ರೇಕು ಬಿತ್ತು. ಕಾರು ಆಮೆಯ ಹಾಗೆ ತೆವಳತೊಡಗಿತು. ಮತ್ತೆ ಡಬ್ಬಿ ಕೈಕೊಟ್ಟಿತೇ ಎಂದು ಮೇಸ್ತ್ರಿ ಗಾಬರಿಯಿಂದ ಕಣ್ಣು ಬಿಟ್ಟ.

"ರೀ, ಕಣ್ಣು ಬಿಡಿ" ಎಂದಳು ಅಕ್ಕ. "ನಿಮ್ಮ ಛತ್ರಿ ಬಂತು."

ಭಾವ ಕಣ್ಣು ಬಿಟ್ಟರು. ಮೊಬೈಲ್ ಕವರು ತೂಗುಹಾಕಿದ ಅಂಗಡಿಯೊಂದರ ನೆತ್ತಿಯ ಮೇಲೆ, ಯಾರೋ ಅಳಿಸಲು ಮರೆತಿದ್ದ ನೀಲಿ ಛತ್ರಿ ಅರಳಿಕೊಂಡಿತ್ತು. ಹಿಂದಿನ ಗಾಡಿಗಳೆಲ್ಲ ಹಾರ್ನ್ ಹೊಡೆಯುತ್ತಿದ್ದವು. ಅಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿ ಅವರನ್ನೆಲ್ಲ ಗದರಿಸಿ, ಗಂಡನ ಕಡೆ ತಿರುಗಿದಳು.

"ನೋಡಿದ್ರಾ?"

"ಹ್ಞೂಂ ಕಣೇ."

"ಸರಿ, ಮುಚ್ಕೊಳ್ಳಿ" ಎಂದು ಅಕ್ಕ ಪೆಡಲ್ ತುಳಿದಳು.